ಇಳಿದು ದೂಡಿದ್ದನ್ನೂ ಬರೆಯೋಣ

ನವೆಂಬರ್‌ನ ಒಂದು ಭಾನುವಾರ. ಸಹಸ್ರಲಿಂಗ ನೋಡಿಕೊಂಡು ಶಿರಸಿಗೆ ವಾಪಸ್ ಬರುತ್ತಿದ್ದೆ. ಹೋಗುವಾಗ ಶಾಲ್ಮಲಾ ನದಿಯ ಕಡೆಗೆ ಸುಯ್ಯನೆ ಇಳಿಸಿದ್ದ ರಸ್ತೆಯೇ ಈಗ ಏರಾಗಿ ಎದುರು ನಿಂತಿತ್ತು. ನನ್ನದು ಗೇರ್ ಇಲ್ಲದ ಸೈಕಲ್. ಸೀಟಿನಿಂದ ಎದ್ದು ನಿಂತು ತುಳಿದೆ, ಹಲ್ಲು ಕಚ್ಚಿ ತುಳಿದೆ, ಕೊನೆಗೆ ಪೆಡಲ್ ಅಲ್ಲೇ ನಿಂತಿತು. ಇಳಿದು ದೂಡತೊಡಗಿದೆ.

ದೂಡುವುದಕ್ಕಿಂತ ಕಷ್ಟವಾಗಿದ್ದು ಬೇರೆಯದು. ಹಿಂದಿನಿಂದ ಬೈಕಿನ ಸದ್ದು ಕೇಳಿದಾಗಲೆಲ್ಲ ನಾನು ನಿಂತು, ಚೈನ್ ಕಳಚಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿದ್ದೆ. ಬೈಕ್ ದಾಟಿ ಹೋದ ಮೇಲೆ ಮತ್ತೆ ದೂಡುತ್ತಿದ್ದೆ. ಹೀಗೆ ಮೂರು ಸಲವಾಗಿರಬೇಕು. ರಸ್ತೆ ಪಕ್ಕದ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ ಒಬ್ಬರು ನೋಡುತ್ತಲೇ ಇದ್ದರು.

‘ಎಂತಾ ಆತೇ ಕೂಸೇ, ಪಂಕ್ಚರಾ?’

‘ಇಲ್ಲೆ ಅಜ್ಜಾ, ಏರು ಹತ್ತಲೆ ಆಗ್ತಿಲ್ಲೆ.’

‘ಅದಕೆ ಮುಖ ಎಂತಕೆ ಸಣ್ಣ ಮಾಡ್ಕಳದು? ಏರು ಬಂದ್ರೆ ಇಳಿದು ದೂಡದು. ಬಾ, ಆಸರಿಗೆ ಕುಡದು ಹೋಗು.’

ಒಂದು ಲೋಟ ಮಜ್ಜಿಗೆ, ಒಂದು ಚೂರು ಬೆಲ್ಲ. ಅಜ್ಜ ತಮ್ಮ ಕಾಲದಲ್ಲಿ ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಚೀಲ ಕಟ್ಟಿಕೊಂಡು ಶಿರಸಿಯಿಂದ ಬರುತ್ತಿದ್ದ ಕಥೆ ಹೇಳಿದರು. ಯಾವ ಏರಿನಲ್ಲಿ ಇಳಿಯಬೇಕು, ಎಲ್ಲಿ ಮತ್ತೆ ಹತ್ತಬೇಕು ಎಂಬುದು ಅವರಿಗೆ ಇಂದಿಗೂ ಬಾಯಿಪಾಠ.

ಆ ದಿನ ಸಂಜೆ ನಾನು ಹಾಕಿದ ಸ್ಟೇಟಸ್ ಏನು ಗೊತ್ತಾ? ನದಿಯ ನಡುವೆ ಕಲ್ಲಿನ ಮೇಲೆ ನಿಂತ ಫೋಟೊ. ಕೆಳಗೆ ‘34 ಕಿ.ಮೀ. ಮುಗಿಸಿದೆ!’ ಎಂಬ ಸಾಲು. ಅಜ್ಜ ಇಲ್ಲ, ಮಜ್ಜಿಗೆ ಇಲ್ಲ, ದೂಡಿದ್ದಂತೂ ಇಲ್ಲವೇ ಇಲ್ಲ.

ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ಬಿಟ್ಟಿದ್ದು ಜಾಸ್ತಿಯಾಯಿತು. ಆ ಬಿಟ್ಟಿದ್ದರಿಂದ ಏನಾಯಿತು ಎಂದು ಹೇಳಲಿಕ್ಕೇ ಈ ಬರಹ.

ಮೂರು ಊರು, ಮೂರು ಸೈಕಲ್

ನಾವು ಮೂವರು ಶಿರಸಿಯಲ್ಲಿ ಒಟ್ಟಿಗೆ ಡಿಗ್ರಿ ಓದಿದವರು. ನಾನು ಶಿರಸಿ ಹತ್ತಿರದ ಹಳ್ಳಿಯವಳು, ಎಂ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇನ್ನೊಬ್ಬ ಸಿದ್ದಾಪುರದವನು, ಪಿಡಿಒ ಹುದ್ದೆಯ ಮೇಲೆ ಕಣ್ಣಿಟ್ಟವನು. ಮೂರನೆಯವಳು ಯಲ್ಲಾಪುರದವಳು, ಬಿ.ಇಡಿ ಮುಗಿಸಿ ಟಿಇಟಿ ಬರೆಯುತ್ತಿರುವವಳು. ಮೂವರ ಮನೆಯಲ್ಲೂ ಹಳೆಯ ಸೈಕಲ್ ಒಂದು ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು.

ನನ್ನದು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. 2006–07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಕಡೆಯ ಎಷ್ಟೋ ಹುಡುಗಿಯರು ಹೈಸ್ಕೂಲು ಮುಟ್ಟಿದ್ದಾರೆ. ನನ್ನ ತಂಗಿಯ ಹೊತ್ತಿಗೆ ಕೋವಿಡ್ ಬಂತು, ಅವಳಿಗೆ ಸೈಕಲ್ ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನೂ ಅದನ್ನು ಮುಟ್ಟಿರಲಿಲ್ಲ. ಕಾಲೇಜಿಗೆ ಬಸ್ಸು, ಪೇಟೆಗೆ ಅಪ್ಪನ ಬೈಕು. ‘ದೊಡ್ಡವಳಾದ ಮೇಲೆ ಸೈಕಲ್ಲಾ?’ ಎಂದು ಯಾರೂ ಕೇಳಿರಲಿಲ್ಲ. ಕೇಳುತ್ತಾರೆ ಎಂದು ನಾನೇ ಅಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಪ್ರಿಲಿಮ್ಸ್ ಎರಡನೇ ಸಲ ಕೈಕೊಟ್ಟಾಗ ಮನೆಯೊಳಗೆ ಕೂತಿರುವುದೇ ಹಿಂಸೆಯಾಯಿತು. ಮಳೆ ಕಡಿಮೆಯಾದ ಮೇಲೆ ಸೈಕಲ್ ಹೊರಗೆಳೆದೆ. ಎರಡೂ ಟ್ಯೂಬ್, ಹಿಂದಿನ ಬ್ರೇಕ್ ರಬ್ಬರ್, ಚೈನಿಗೆ ಎಣ್ಣೆ. ರಿಪೇರಿ ಅಷ್ಟಕ್ಕೇ ಮುಗಿಯಿತು. ವಿಷಯ ಹೇಳಿದಾಗ ಉಳಿದಿಬ್ಬರೂ ತಮ್ಮ ಸೈಕಲ್ ಎಳೆದರು. ಭಾನುವಾರ ಬೆಳಿಗ್ಗೆ ಅವರವರ ಊರಿನಲ್ಲಿ ಒಂದು ಸವಾರಿ, ಹತ್ತು ಗಂಟೆಯೊಳಗೆ ಮನೆ, ಸಂಜೆ ಒಬ್ಬರಿಗೊಬ್ಬರು ಹೇಳುವುದು ಎಂದು ಒಪ್ಪಂದವಾಯಿತು.

ಮೊದಲ ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಯಲ್ಲಾಪುರದವಳ ಸುದ್ದಿ ನಿಂತಿತು. ಕೇಳಿದರೆ ‘ಈ ವಾರ ಹೋಗಲಿಲ್ಲ’, ‘ಮನೆಯಲ್ಲಿ ಕೆಲಸ’, ‘ಓದುವುದಿದೆ’ ಎಂಬ ಉತ್ತರ. ನಾವೂ ಬಿಟ್ಟುಬಿಟ್ಟೆವು.

ಹೇಳದೇ ಉಳಿದ ಸವಾರಿ

ಡಿಸೆಂಬರ್‌ನಲ್ಲಿ ಗೆಳತಿಯೊಬ್ಬಳ ಮದುವೆಗೆ ಮೂವರೂ ಸೇರಿದೆವು. ಊಟವಾದ ಮೇಲೆ ಯಲ್ಲಾಪುರದವಳು ತಾನಾಗಿಯೇ ಹೇಳಿದಳು. ಅವಳು ಸುಮ್ಮನೆ ಕೂತಿರಲಿಲ್ಲ. ಮಾಗೋಡು ಜಲಪಾತಕ್ಕೆ ಹೊರಟಿದ್ದಳು.

ಮಾಗೋಡು ಯಲ್ಲಾಪುರದಿಂದ ಸುಮಾರು 20 ಕಿ.ಮೀ. ಬೇಡ್ತಿ ನದಿ ಅಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಊರಿನಿಂದ ಮೊದಲ ತುಂಡು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ. ಲಾರಿಗಳು ಪಕ್ಕದಲ್ಲಿ ಹಾದಾಗ ಆ ಗಾಳಿಗೇ ಸೈಕಲ್ ಅಲುಗುತ್ತದೆ. ಹೆದ್ದಾರಿ ಬಿಟ್ಟು ಮಾಗೋಡಿನ ಕಡೆ ತಿರುಗಿದರೆ ಒಮ್ಮೆಲೇ ನಿಶ್ಶಬ್ದ, ಎರಡೂ ಕಡೆ ಕಾಡು. ಅಲ್ಲಿ ಅವಳ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅವಳ ಹತ್ತಿರ ಪ್ಯಾಚೂ ಇಲ್ಲ, ಪಂಪೂ ಇಲ್ಲ, ಮೊಬೈಲಿಗೆ ನೆಟ್‌ವರ್ಕೂ ಇಲ್ಲ. ಸೈಕಲ್ ದೂಡುತ್ತಾ ಹೆದ್ದಾರಿಯವರೆಗೆ ನಡೆದು, ಅಲ್ಲಿಂದ ಗೂಡ್ಸ್ ಟೆಂಪೊ ಒಂದರಲ್ಲಿ ಸೈಕಲ್ ಹಾಕಿಸಿಕೊಂಡು ಮನೆ ಸೇರಿದಾಗ ಮಧ್ಯಾಹ್ನ ಎರಡು ಗಂಟೆ. ‘ಇನ್ನು ಸೈಕಲ್ ಮುಟ್ಟಿದರೆ ನೋಡು’ ಎಂದು ಅಮ್ಮ ಬೈದರು.

‘ನೀನು ಯಾಕೆ ಹೇಳಲಿಲ್ಲ ಮಾರಾಯ್ತಿ?’ ಎಂದು ಕೇಳಿದೆ.

‘ಎಂತಾ ಹೇಳದು? ನೀನು 34 ಕಿಲೋಮೀಟರ್ ಮುಗಿಸಿದೆ ಅಂತ ಹಾಕಿದ್ದೆ. ಅವನು ಉಂಚಳ್ಳಿ ಮುಗಿಸಿದ್ದ. ನಾನು ಮಾತ್ರ ಅರ್ಧ ದಾರಿಯಿಂದ ವಾಪಸ್ ಬಂದವಳು.’

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದಳು. ಟಿಇಟಿಯಲ್ಲಿ ಮೂರು ಅಂಕದಿಂದ ತಪ್ಪಿದ್ದನ್ನೂ ಅವಳು ನಮಗೆ ಹೇಳಿರಲಿಲ್ಲ. ಒಂದು ತಿಂಗಳಾಗಿತ್ತು.

ಆಗ ಸಿದ್ದಾಪುರದವನು ಬಾಯಿಬಿಟ್ಟ. ಉಂಚಳ್ಳಿಯಿಂದ ಬರುವಾಗ ಬ್ರೇಕ್ ಹಿಡಿಯದೆ ರಸ್ತೆ ಬದಿಯ ಮಣ್ಣಿನ ಗುಡ್ಡೆಗೆ ಸೈಕಲ್ ನುಗ್ಗಿಸಿ ಮೊಣಕೈ ಕೆತ್ತಿಸಿಕೊಂಡಿದ್ದನ್ನು ಅವನು ನುಂಗಿಕೊಂಡಿದ್ದ. ನಾನು ದೂಡಿದ್ದನ್ನು, ಚೈನ್ ನೋಡುವ ನಾಟಕವನ್ನು ಹೇಳಿದೆ. ಮೂವರೂ ನಗಾಡಿದೆವು. ನಗು ನಿಂತ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. ನಾವು ಮೂವರೂ ಒಂದೇ ತರಹದ ಸ್ಥಿತಿಯಲ್ಲಿ ಇದ್ದವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗದಂತೆ ಮಾಡಿದ್ದು ನಮ್ಮದೇ ಸ್ಟೇಟಸ್‌ಗಳು.

ಅಂಕಿ ಮಾತ್ರ ಹೇಳಿದರೆ ಯಾರಿಗೂ ದಾರಿ ಸಿಗುವುದಿಲ್ಲ. ‘34 ಕಿ.ಮೀ.’ ಎಂದು ಓದಿದವಳಿಗೆ ಏರು ಎಲ್ಲಿದೆ, ನೀರು ಎಲ್ಲಿದೆ, ಎಲ್ಲಿ ಇಳಿಯಬೇಕು ಎಂಬುದು ತಿಳಿಯಲಿಲ್ಲ. ತಿಳಿದದ್ದು ಒಂದೇ, ನನಗಿಂತ ಅವಳು ಗಟ್ಟಿ ಎಂದು. ಅದೂ ತಪ್ಪು ತಿಳಿವಳಿಕೆ.

ನೋಟ್‌ಬುಕ್ಕಿನ ಹಿಂದಿನ ಪುಟ

ಅಂದಿನಿಂದ ನಮ್ಮ ನಿಯಮ ಬದಲಾಗಿದೆ. ಮೂವರ ಹತ್ತಿರವೂ ಪರೀಕ್ಷೆಯ ನೋಟ್ಸ್ ಬರೆಯುವ ಇನ್ನೂರು ಪುಟದ ಪುಸ್ತಕ ಇದ್ದೇ ಇದೆ. ಅದನ್ನು ತಿರುಗಿಸಿ, ಹಿಂದಿನ ಪುಟದಿಂದ ಸವಾರಿಯ ವಿವರ ಬರೆಯುತ್ತೇವೆ. ಹೊರಟ ಸಮಯ, ಮುಟ್ಟಿದ ಸಮಯ, ನೀರು ಸಿಕ್ಕ ಜಾಗ, ನೆಟ್‌ವರ್ಕ್ ಹೋದ ಜಾಗ, ರಸ್ತೆ ಕೆಟ್ಟ ಜಾಗ, ಸಹಾಯ ಮಾಡಿದವರು. ತಪ್ಪದೇ ಬರೆಯಬೇಕಾದ ಒಂದು ಸಾಲು ಇದೆ: ‘ಇಳಿದದ್ದು ಎಲ್ಲಿ?’ ಸಂಜೆ ಆ ಪುಟವನ್ನು ಓದಿ ಹೇಳುತ್ತೇವೆ. ನಮ್ಮ ಪುಟಗಳಿಂದ ಕೆಲವು ಭಾಗ ಇಲ್ಲಿ ಕೊಡುತ್ತೇನೆ. ನಿಮಗೂ ಉಪಯೋಗವಾದೀತು.

ಶಿರಸಿ–ಬನವಾಸಿ, ನನ್ನ ಪುಟ. ‘ಒಂದು ಕಡೆಗೆ ಸುಮಾರು 23 ಕಿ.ಮೀ. ಬೆಳಿಗ್ಗೆ ಆರೂವರೆಗೆ ಹೊರಟೆ, ಮಂಜು ಇತ್ತು, ಕೈಬೆರಳು ಮರಗಟ್ಟಿತು. ಬನವಾಸಿ ಹತ್ತಿರವಾದಂತೆ ಕಾಡು ತೆಳುವಾಗಿ ಗದ್ದೆ ಬಯಲು ಬಿಚ್ಚಿಕೊಳ್ಳುತ್ತದೆ, ಅನಾನಸ್ ಬೆಳೆದ ಹೊಲಗಳು ಸಿಗುತ್ತವೆ. ಮಧುಕೇಶ್ವರ ದೇವಸ್ಥಾನದ ಕಲ್ಲಿನ ಜಗಲಿಯಲ್ಲಿ ಕೂತು ಅವಲಕ್ಕಿ ತಿಂದೆ. ನಾಲ್ಕನೇ ಶತಮಾನದಲ್ಲಿ ಮಯೂರವರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಇದು ಎಂದು ಎಷ್ಟು ಸಲ ಬಾಯಿಪಾಠ ಮಾಡಿದ್ದೆನೋ, ವರದಾ ನದಿ ಊರನ್ನು ಹೇಗೆ ಬಳಸಿ ಹೋಗುತ್ತದೆ ಎಂದು ಕಣ್ಣಲ್ಲಿ ಕಂಡದ್ದು ಇಂದೇ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡೂಕಾಲು. ಒಂಬತ್ತರ ಬಿಸಿಲಿಗೆ ನೆರಳಿಲ್ಲದ ಕಡೆ ಕಷ್ಟ. ಇಳಿದದ್ದು ಎರಡು ಕಡೆ, ಎರಡೂ ಶಿರಸಿ ಹತ್ತಿರ ಬಂದ ಮೇಲೆ. ಹತ್ತು ಗಂಟೆಯ ನಿಯಮ ಮುರಿಯಿತು, ಮನೆಯಲ್ಲಿ ಬೈಗುಳ.’

ಸಿದ್ದಾಪುರ–ಭುವನಗಿರಿ, ಗೆಳೆಯನ ಪುಟ. ‘ಹೊಸಬರಿಗೆ ಇದೇ ಸರಿ. ಊರಿನಿಂದ ಸುಮಾರು 8 ಕಿ.ಮೀ. ಭುವನೇಶ್ವರಿ ದೇವಸ್ಥಾನ ಗುಡ್ಡದ ತುದಿಯಲ್ಲಿದೆ. ಬಿಳಗಿ ಅರಸರ ಕಾಲದ್ದು. ಸೈಕಲ್ ಕೆಳಗೆ ಬೀಗ ಹಾಕಿ ಮೆಟ್ಟಿಲು ಹತ್ತಬೇಕು. ಸೈಕಲ್ ತುಳಿದ ಕಾಲಿಗೆ ಮೆಟ್ಟಿಲು ಹತ್ತುವಾಗ ನಡುಕ ಬಂತು. ಮೇಲಿನಿಂದ ಸುತ್ತಲಿನ ಕಾಡು, ತೋಟದ ಪಟ್ಟಿ ಚೆನ್ನಾಗಿ ಕಾಣುತ್ತದೆ. ಇಳಿದದ್ದು ಒಂದು ಕಡೆ. ಒಬ್ಬರು ಆಲೆಮನೆಗೆ ಬಾ ಎಂದು ಕರೆದಿದ್ದಾರೆ. ಮುಂದಿನ ಸವಾರಿ ಕಬ್ಬಿನ ಹಾಲಿಗೆ.’

ಸಿದ್ದಾಪುರ–ಉಂಚಳ್ಳಿ, ಅವನೇ ಮತ್ತೆ ಬರೆದದ್ದು. ‘ಮೊದಲು ಹೇಳಿದ್ದು ಅರ್ಧ, ಇದು ಪೂರ್ತಿ. ಹೆಗ್ಗರಣೆ ಮೇಲಿಂದ ಹೋಗಬೇಕು, ಸುಮಾರು 35 ಕಿ.ಮೀ. ಒಂದೇ ಬೆಳಿಗ್ಗೆ ಹೋಗಿ ಬರುತ್ತೇನೆ ಎಂದದ್ದು ಹುಚ್ಚು. ರಾತ್ರಿ ಅತ್ತೆ ಮನೆಯಲ್ಲಿ ಉಳಿದು ಮರುದಿನ ಬಂದೆ. ಅಘನಾಶಿನಿ 116 ಮೀಟರ್ ಬೀಳುವ ಸದ್ದಿಗೆ ಕಿವಿ ಕೆಪ್ಪಾಗುತ್ತದೆ, ಅದಕ್ಕೇ ಹಳಬರು ಕೆಪ್ಪ ಜೋಗ ಎನ್ನುವುದು. ರಾತ್ರಿ ಮಳೆ ಬಿದ್ದು ರಸ್ತೆ ಒದ್ದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಸೈಕಲ್ ನಿಲ್ಲಲಿಲ್ಲ, ಮಣ್ಣಿನ ಗುಡ್ಡೆಗೆ ನುಗ್ಗಿಸಿದೆ. ತಪ್ಪು ನನ್ನದು. ರಬ್ಬರ್ ಸವೆದದ್ದು ಗೊತ್ತಿತ್ತು. ಉಂಬಳ ಮೂರು ಕಚ್ಚಿದವು. ಇಳಿದದ್ದು ಲೆಕ್ಕವಿಲ್ಲ.’

ಓದಿ ನೋಡಿ. ಈ ಮೂರು ಪುಟಗಳಲ್ಲಿ ಹೊಗಳಿಕೆಗೆ ಲಾಯಕ್ಕಾದ ಅಂಕಿ ಒಂದೂ ಇಲ್ಲ. ಆದರೆ ನಾಳೆ ನೀವು ಬನವಾಸಿಗೋ ಭುವನಗಿರಿಗೋ ಹೊರಟರೆ ಎಷ್ಟು ಹೊತ್ತಿಗೆ ಹೊರಡಬೇಕು, ಏನು ಕಟ್ಟಿಕೊಳ್ಳಬೇಕು ಎಂಬುದು ನಿಮಗೆ ಗೊತ್ತು.

ಬಿದ್ದಾಗ ಕಲಿತದ್ದು

ತಪ್ಪು ಹೇಳಿಕೊಂಡಿದ್ದರಿಂದ ಸಿಕ್ಕ ದೊಡ್ಡ ಲಾಭ ಎಂದರೆ ಒಬ್ಬರ ತಪ್ಪು ಮೂವರಿಗೂ ಪಾಠವಾದದ್ದು.

ಚಕ್ರದ ರಿಮ್ಮಿಗೆ ರಬ್ಬರ್ ಒತ್ತುವ ಹಳೆಯ ಬ್ರೇಕ್ ಒದ್ದೆಯಾದರೆ ಹಿಡಿತ ಕಡಿಮೆಯಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಒತ್ತಿ ನೀರು ಒರೆಸಿಕೊಳ್ಳಬೇಕು. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಬೇಕು, ಮುಂದಿನದನ್ನು ಮಾತ್ರ ಗಬಕ್ಕನೆ ಹಿಡಿದರೆ ಮುಗ್ಗರಿಸುವುದು ಖಚಿತ.

ಪಂಕ್ಚರ್‌ಗೆ ಬೇಕಾಗುವುದು ಒಂದು ಸಣ್ಣ ಚೀಲದಷ್ಟು ಸಾಮಾನು: ಪ್ಯಾಚ್, ಸಲ್ಯೂಷನ್, ಉಜ್ಜುವ ಕಾಗದ, ಕೈಪಂಪು. ಟೈರ್ ಎಬ್ಬಿಸಲು ಹಳೆಯ ಚಮಚದ ಹಿಡಿ ಸಾಕು. ಪ್ಯಾಚ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಬೇಕು, ನಿಧಾನವಾಗಿ. ಇದನ್ನು ಮರೆತು ನಾನು ಒಂದೇ ದಿನ ಎರಡು ಪಂಕ್ಚರ್ ಮಾಡಿಕೊಂಡೆ. ಮುಳ್ಳು ಅಲ್ಲೇ ಕೂತಿತ್ತು.

ಮೊಣಕಾಲು ನೋಯುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿ. ಹೈಸ್ಕೂಲಿನಲ್ಲಿ ಇಟ್ಟ ಎತ್ತರದಲ್ಲೇ ನಾವು ಈಗಲೂ ತುಳಿಯುತ್ತಿದ್ದೆವು. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಸೀಟು ಎತ್ತರಿಸಿದ ಮೇಲೆ ನನ್ನ ಅರ್ಧ ಏರು ತಾನಾಗಿಯೇ ಕಡಿಮೆಯಾಯಿತು.

ಇನ್ನೊಂದು ಮಾತು, ಅದೂ ಹುಡುಗಿಯರಿಗೆ ಹೆಚ್ಚು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೊರಡುತ್ತೇವೆ. ಹೇಳಿದ ದಾರಿ ಬದಲಿಸುವುದಿಲ್ಲ. ನೆಟ್‌ವರ್ಕ್ ಹೋಗುವ ಜಾಗ ಬರೆದಿಟ್ಟಿರುವುದರಿಂದ ಆ ಹೊತ್ತಿನಲ್ಲಿ ಫೋನ್ ತಾಗದಿದ್ದರೆ ಅಮ್ಮನಿಗೆ ಗಾಬರಿಯಾಗುವುದಿಲ್ಲ. ನನ್ನ ಪುಟವನ್ನು ಮೊದಲು ಓದುವವರು ಈಗ ಅಮ್ಮನೇ.

ಜಲಪಾತದ ವಿಷಯದಲ್ಲಂತೂ ಫೋಟೊ ಮಾತ್ರ ಹಂಚುವುದು ಅಪಾಯವೇ ಸರಿ. ನೀರಿನ ಅಂಚಿನಲ್ಲಿ ನಿಂತ ಚಿತ್ರಕ್ಕೆ ಲೈಕ್ ಬರುತ್ತದೆ, ಆ ಬಂಡೆ ಎಷ್ಟು ಜಾರುತ್ತಿತ್ತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ನಮ್ಮ ಜಿಲ್ಲೆಯ ಮಳೆಗಾಲ ಆಟವಲ್ಲ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದಲ್ಲಿ, ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಜಲಪಾತದ ಕಡೆ ಬರಬೇಡಿ ಎಂದು ಆಡಳಿತ ಹೇಳಿದರೆ ಅದನ್ನು ಕೇಳಬೇಕು. ‘ಹೋಗಬೇಡಿ, ನಾನು ಅರ್ಧದಿಂದ ವಾಪಸ್ ಬಂದೆ’ ಎಂದು ಬರೆಯುವುದೂ ಒಂದು ಒಳ್ಳೆಯ ಸವಾರಿಯ ವರದಿ.

ಮೊದಲ ಸ್ಥಾನ ಇಲ್ಲದ ಸವಾರಿ

ಸೈಕಲ್ ಎಂದರೆ ವೇಗ, ವೇಗ ಎಂದರೆ ಸ್ಪರ್ಧೆ ಎಂದು ನಾವು ಅಂದುಕೊಂಡಿದ್ದೆವು. ಆಮೇಲೆ ‘ಬ್ರೆವೆ’ ಎಂಬ ದೂರ ಸವಾರಿಗಳ ಬಗ್ಗೆ ಓದಿದೆ. ಫ್ರಾನ್ಸ್‌ನಿಂದ ಬಂದ ಪದ್ಧತಿ ಇದು, ಬೆಂಗಳೂರಿನಂಥ ಊರುಗಳಲ್ಲೂ ನಡೆಯುತ್ತದೆ. 200 ಕಿ.ಮೀ. ಬ್ರೆವೆ ಮುಗಿಸಲು 13 ಗಂಟೆ 30 ನಿಮಿಷ ಸಮಯ. ಲೆಕ್ಕ ಹಾಕಿದರೆ ನಡುವೆ ನಿಂತು ಉಣ್ಣುವ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ. ದಾರಿಯಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಿಕೊಂಡು ಮುಂದೆ ಹೋಗಬೇಕು. ಎಲ್ಲಕ್ಕಿಂತ ಹಿಡಿಸಿದ್ದು ಏನೆಂದರೆ, ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಸಮಯದೊಳಗೆ ಬಂದವರೆಲ್ಲ ಒಂದೇ.

ಇಂಥ ಸವಾರಿಗಳಲ್ಲಿ ದೊಡ್ಡದು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ರೇಸ್ ಆಗಿ ಶುರುವಾದದ್ದು ಈಗ ನಾಲ್ಕು ವರ್ಷಕ್ಕೊಮ್ಮೆ ಬ್ರೆವೆಯಾಗಿ ನಡೆಯುತ್ತದೆ. ಸುಮಾರು 1,200 ಕಿ.ಮೀ., ಹೆಚ್ಚೆಂದರೆ 90 ಗಂಟೆ. ಪೂರೈಸದವರ ಹೆಸರಿನ ಮುಂದೆ ‘ಡಿಎನ್‌ಎಫ್’ ಎಂದು ಬರೆಯುತ್ತಾರೆ, ಅಂದರೆ ಮುಗಿಸಲಿಲ್ಲ ಎಂದರ್ಥ. ದೂರ ಸವಾರರು ತಮ್ಮ ಡಿಎನ್‌ಎಫ್ ಕಥೆಯನ್ನೂ ಬಿಚ್ಚಿ ಬರೆಯುತ್ತಾರೆ. ಎಲ್ಲಿ ನಿದ್ದೆ ಬಂತು, ಎಲ್ಲಿ ಹೊಟ್ಟೆ ಕೆಟ್ಟಿತು, ಯಾಕೆ ಬಿಟ್ಟೆ ಎಂದು. ಮುಂದಿನವರು ಅದನ್ನು ಓದಿಯೇ ಹೊರಡುತ್ತಾರೆ. ಅಷ್ಟು ದೂರ ಹೋಗುವವರಿಗೇ ನಾಚಿಕೆ ಇಲ್ಲದ ಮೇಲೆ ಶಿರಸಿ ಏರಿನಲ್ಲಿ ದೂಡುವ ನಮಗೆ ಯಾಕೆ?

ಕೆಲಸ ಸಿಗುತ್ತದಾ?

‘ಸೈಕಲ್ ಹೊಡೆದರೆ ಕೆಲಸ ಸಿಗುತ್ತದಾ?’ ಎಂದು ಚಿಕ್ಕಪ್ಪ ಕೇಳಿದರು. ಸಿಗುವುದಿಲ್ಲ. ಸೈಕಲ್ ತುಳಿದು ಪ್ರಿಲಿಮ್ಸ್ ಪಾಸಾದವರನ್ನು ನಾನು ಕಂಡಿಲ್ಲ. ಭಾನುವಾರದ ನಾಲ್ಕು ಗಂಟೆ ಹೋಗುವುದೂ ನಿಜ. ಅದಕ್ಕೇ ನಮ್ಮ ಸವಾರಿ ವಾರಕ್ಕೆ ಒಂದೇ.

ಆದರೆ ಪರೀಕ್ಷೆಗೆ ಓದುವ ನಮ್ಮಂಥವರ ಬದುಕನ್ನು ಒಮ್ಮೆ ನೋಡಿ. ಪಾಸಾದವರ ಫೋಟೊ ಕೋಚಿಂಗ್ ಸೆಂಟರಿನ ಬ್ಯಾನರಿನಲ್ಲಿ ಬರುತ್ತದೆ. ಅವರ ರ‍್ಯಾಂಕು, ಅಂಕ ಎಲ್ಲರಿಗೂ ಗೊತ್ತು. ಅವರು ಎಷ್ಟನೇ ಸಲ ಪಾಸಾದರು, ನಡುವೆ ಏನು ಮಾಡಿಕೊಂಡಿದ್ದರು, ಯಾವ ವಿಷಯದಲ್ಲಿ ಜಾರಿದರು ಎಂಬುದು ಬ್ಯಾನರಿನಲ್ಲಿ ಇರುವುದಿಲ್ಲ. ಫೇಲಾದವರು ಮದುವೆ, ಉಪನಯನಗಳಿಗೆ ಹೋಗುವುದನ್ನೇ ಬಿಡುತ್ತಾರೆ. ‘ಏನು ಮಾಡ್ತಾ ಇದ್ದೆ ಈಗ?’ ಎಂಬ ಪ್ರಶ್ನೆಗೆ ಹೆದರಿ. ನಾನೂ ಬೈಕ್ ಸದ್ದು ಕೇಳಿದಾಗ ಚೈನ್ ನೋಡಲು ಬಗ್ಗಿದ್ದು ಅದೇ ಭಯಕ್ಕೆ.

ಸವಾರಿಯ ಪುಟದಲ್ಲಿ ‘ಇಳಿದದ್ದು ಎಲ್ಲಿ’ ಎಂದು ಬರೆಯತೊಡಗಿದ ಮೇಲೆ ನಮ್ಮ ಮೂವರ ಮಾತೂ ಬದಲಾಯಿತು. ಈಗ ಅಣಕು ಪರೀಕ್ಷೆಯ ಅಂಕವನ್ನೂ ಹಾಗೆಯೇ ಹೇಳಿಕೊಳ್ಳುತ್ತೇವೆ. ನನಗೆ ರೀಸನಿಂಗ್‌ನಲ್ಲಿ ಸಮಯ ಸಾಲುವುದಿಲ್ಲ ಎಂದಾಗ ಸಿದ್ದಾಪುರದವನು ತನ್ನ ವಿಧಾನ ತೋರಿಸಿದ. ಅವನ ಕನ್ನಡ ವ್ಯಾಕರಣವನ್ನು ಯಲ್ಲಾಪುರದವಳು ತಿದ್ದುತ್ತಾಳೆ. ಇದೆಲ್ಲ ಮೊದಲೂ ಸಾಧ್ಯವಿತ್ತು. ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬುದೇ ಗೊತ್ತಿರಲಿಲ್ಲ, ಅಷ್ಟೇ. ಕೆಲಸ ಇನ್ನೂ ಯಾರಿಗೂ ಸಿಕ್ಕಿಲ್ಲ. ಆದರೆ ಈಗ ಮೂವರಲ್ಲಿ ಯಾರೂ ತಿಂಗಳುಗಟ್ಟಲೆ ಮಾಯವಾಗುವುದಿಲ್ಲ.

ಇದಕ್ಕೆ ದುಬಾರಿ ಸೈಕಲ್ ಬೇಡ, ಬೇರೆ ಬಟ್ಟೆಯೂ ಬೇಡ. ತಲೆಗೆ ಒಂದು ಹೆಲ್ಮೆಟ್ ಇದ್ದರೆ ಒಳ್ಳೆಯದು. ಉಳಿದಂತೆ ನಿಮ್ಮ ಮನೆಯ ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ, ಮೆಟ್ಟಿಲ ಕೆಳಗೆ ಗಾಳಿ ಇಳಿದು ಒರಗಿರುವ ಸೈಕಲ್ ಸಾಕು. ಎಂಟು ಕಿಲೋಮೀಟರ್ ಹೋಗಿ, ಸಾಕಾದರೆ ನಾಲ್ಕಕ್ಕೇ ತಿರುಗಿ. ಬಂದು ಗೆಳೆಯರಿಗೆ ಹೇಳುವಾಗ ಮಾತ್ರ ಪೂರ್ತಿ ಹೇಳಿ.

ಕೊನೆಗೆ ಇನ್ನೊಂದು ಪುಟ. ಜನವರಿಯ ಮೂರನೇ ಭಾನುವಾರ ಯಲ್ಲಾಪುರದವಳು ಬರೆದು, ಅವತ್ತು ಸಂಜೆ ನಮಗೆ ಓದಿ ಹೇಳಿದ್ದು:

‘ಮಾಗೋಡು, ಎರಡನೇ ಸಲ. ತಮ್ಮನೂ ಅವನ ಸೈಕಲ್ ತಂದಿದ್ದ. ಆರು ಗಂಟೆಗೆ ಹೊರಟೆವು, ಲಾರಿ ಕಡಿಮೆ. ಹೆದ್ದಾರಿ ಬಿಟ್ಟ ಮೇಲೆ ನೆಟ್‌ವರ್ಕ್ ಇಲ್ಲ. ಕಳೆದ ಸಲ ಪಂಕ್ಚರ್ ಆದ ಜಾಗದಲ್ಲಿ ನಿಂತು ನೀರು ಕುಡಿದೆವು. ಎಂಟೂಕಾಲಿಗೆ ಮುಟ್ಟಿದೆವು. ನೀರು ಕಡಿಮೆಯಾಗಿದೆ, ಆದರೂ ಕಣಿವೆಯ ಆಳ ನೋಡಿದರೆ ಮಾತು ಬರುವುದಿಲ್ಲ. ಬೇಲಿ ದಾಟಲಿಲ್ಲ. ಜೇನುಕಲ್ಲು ಗುಡ್ಡಕ್ಕೆ ಹೋಗುವ ಆಸೆ ಇತ್ತು, ಕಾಲು ಒಪ್ಪಲಿಲ್ಲ, ಮುಂದಿನ ಸಲ. ಪ್ಯಾಚ್, ಪಂಪ್ ಇತ್ತು, ಬೇಕಾಗಲಿಲ್ಲ. ಇಳಿದದ್ದು ಹೋಗುವಾಗ ಎರಡು ಕಡೆ, ಬರುವಾಗ ಐದು ಕಡೆ. ತಮ್ಮ ನಾಲ್ಕು ಎನ್ನುತ್ತಾನೆ, ಅವನು ಎಣಿಸಿದ್ದು ತಪ್ಪು.’